ತೋಟದ ಶೆಡ್ಡಿನಲ್ಲಿರುವ ಚಿಕ್ಕಪ್ಪನ ಹಾಯಿದೋಣಿ: ಪೇಂಟ್ ಹೊಡೆಯುವ ಮೊದಲು ಏನೇನು ನೋಡಬೇಕು?

ತೋಟದಮನೆ_ಗುಬ್ಬಿ

ಎಲ್ಲರಿಗೂ ನಮಸ್ಕಾರ. ಗುಬ್ಬಿ ಹತ್ತಿರ ನಮ್ಮ ತೋಟದ ಶೆಡ್ಡಿನಲ್ಲಿ ಒಂದು ಹಳೇ ಹಾಯಿದೋಣಿ ಇದೆ. ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಹಲಸೂರು ಕೆರೆಯಲ್ಲಿ ಹಾಯಿ ಹಿಡಿಯುವುದನ್ನು ಕಲಿತಿದ್ದರು. ರಿಟೈರ್ ಆದ ಮೇಲೆ ಯಾರೋ ಹಳೇ ದೋಣಿ ಮಾರುತ್ತಾರೆ ಅಂತ ಗೊತ್ತಾಗಿ, ಟೆಂಪೋದಲ್ಲಿ ಹಾಕಿಸಿಕೊಂಡು ಊರಿಗೇ ತಂದುಬಿಟ್ಟರು. ನನಗೆ ಆಗ 9 ವರ್ಷ. ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಎರಡು ಸಲ ನನ್ನನ್ನು ಕೂರಿಸಿಕೊಂಡು ಹೋಗಿದ್ದರು. ಇಂಜಿನ್ ಸದ್ದಿಲ್ಲದೆ, ಬರೀ ಗಾಳಿಗೆ ದೋಣಿ ಮುಂದೆ ಹೋಗುವುದನ್ನು ಅವತ್ತೇ ಮೊದಲು ನೋಡಿದ್ದು. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಚಿಕ್ಕಪ್ಪ ಹೋಗಿ ಆರು ವರ್ಷ ಆಯಿತು. ದೋಣಿ ಅದಕ್ಕೂ ಮುಂಚಿನಿಂದ ಕೊಬ್ಬರಿ ಅಟ್ಟದ ಕೆಳಗೆ ಬೋರಲು ಬಿದ್ದಿದೆ. ಮೇಲೆ ಟಾರ್ಪಾಲಿನ್, ಅದರ ಮೇಲೆ ಸೋಗೆ. ಹೋದ ವಾರ ಎಲ್ಲ ತೆಗೆದು ನೋಡಿದೆ. ಪ್ಲೈವುಡ್ ದೋಣಿ, ಟೇಪ್ ಹಿಡಿದರೆ ಉದ್ದ 13 ಅಡಿ ಮೀರುತ್ತದೆ. ಮೂತಿ ಚೂಪು. ಹೊಟ್ಟೆ ದುಂಡಗಿಲ್ಲ, ಪಕ್ಕದ ಹಲಗೆ ಎರಡು ಕಡೆ ಮಡಿಕೆ ಬಿದ್ದಂತೆ ತಿರುಗುತ್ತದೆ. ಹಾಯಿ ನೀಲಿ ಬಣ್ಣದ್ದು, ಅದರ ಮೇಲೆ ಇಂಗ್ಲಿಷಿನ ಇ ಅಕ್ಷರ. ಪೇಂಟ್ ಪೂರ್ತಿ ಹಪ್ಪಳದ ಹಾಗೆ ಎದ್ದಿದೆ, ಬೆರಳಲ್ಲಿ ತಟ್ಟಿದರೆ ಉದುರುತ್ತದೆ. ಒಂದು ಪದರ ಬಿಳಿ, ಕೆಳಗೆ ಹಸಿರು, ಅದರ ಕೆಳಗೆ ಮತ್ತೆ ಬಿಳಿ.

ಇದನ್ನು ನಾನೇ ಮನೆಯಲ್ಲಿ ಸರಿಮಾಡಬೇಕು ಅಂತ ಆಸೆ. ಹಾರ್ಡ್‌ವೇರ್ ಅಂಗಡಿಯವರು ಉಜ್ಜಿ ಎರಡು ಕೋಟ್ ಎನಾಮಲ್ ಹೊಡೆದರೆ ಸಾಕು ಅಂತಾರೆ. ನೀರಿನ ಟ್ಯಾಂಕಿಗೆ ಫೈಬರ್ ಹಾಕುವ ಒಬ್ಬರು, ಎರಡೇ ದಿನದಲ್ಲಿ ಪೂರ್ತಿ ಫೈಬರ್ ಹೊದಿಸಿಕೊಡುತ್ತೇನೆ, ಇನ್ನು ಇಪ್ಪತ್ತು ವರ್ಷ ನೋಡುವ ಹಾಗಿಲ್ಲ ಅಂತಾರೆ. ಯಾವುದು ಸರಿ? ಶುರು ಎಲ್ಲಿಂದ ಮಾಡಲಿ? ನವೆಂಬರ್ ಬಂತು, ಮಳೆ ನಿಲ್ಲುತ್ತಾ ಇದೆ, ಬೇಸಿಗೆಗೆ ಮುಂಚೆ ಮುಗಿಸೋಣ ಅಂತ.

ಹಲಸೂರು_ಗಾಳಿ

ಸರ್, ನೀಲಿ ಹಾಯಿ, ಮೇಲೆ ಇ ಅಕ್ಷರ, ಎರಡು ಮಡಿಕೆ, 13 ಅಡಿ ಅಂದ ಮೇಲೆ ಅದು ಎಂಟರ್‌ಪ್ರೈಸ್. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಅನ್ನುವವರು 1956ರಲ್ಲಿ ಹೊರಗೆ ತಂದ ವಿನ್ಯಾಸ. ಮನೆಯಲ್ಲೇ ಪ್ಲೈವುಡ್ ಕೊಯ್ದು ಕಟ್ಟಿಕೊಳ್ಳಲಿ ಅಂತಲೇ ಮಾಡಿದ್ದು, ಅದಕ್ಕೇ ದುಂಡು ಹೊಟ್ಟೆಯ ಬದಲು ಆ ಮಡಿಕೆಗಳು. ಉದ್ದ 4.04 ಮೀಟರ್, ಅಗಲ 1.6 ಮೀಟರ್, ಇಬ್ಬರು ಕೂತು ನಡೆಸುವ ದೋಣಿ. ನಮ್ಮ ದೇಶದ ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಇದೇ ಜಾಸ್ತಿ ಇದ್ದದ್ದು. ನಾನೂ ಇದರಲ್ಲೇ ಕಲಿತವನು. ಮನೆಯಲ್ಲಿ ಕಟ್ಟುವಂಥ ದೋಣಿ ಆದ್ದರಿಂದ ಮನೆಯಲ್ಲಿ ರಿಪೇರಿಯೂ ಆಗುತ್ತದೆ, ಧೈರ್ಯವಾಗಿ ಶುರು ಮಾಡಿ.

ಆದರೆ ಪೇಂಟ್ ವಿಷಯ ಈಗ ಮರೆತುಬಿಡಿ. ಪೇಂಟ್ ಕೊನೆಯ ಕೆಲಸ, ಅದೇ ಸುಲಭದ ಕೆಲಸ. ಮೊದಲು ಮರ ಹೇಗಿದೆ ನೋಡಬೇಕು. ಒಂದು ಸ್ಕ್ರೂಡ್ರೈವರ್ ತಗೊಂಡು ಅದರ ಹಿಡಿಯಿಂದ ಇಡೀ ದೋಣಿಯನ್ನು ಗೇಣಿಗೊಂದು ಸಲ ತಟ್ಟುತ್ತಾ ಬನ್ನಿ. ಗಟ್ಟಿ ಪ್ಲೈ ಟಕ್ ಟಕ್ ಅನ್ನುತ್ತದೆ. ಕೊಳೆತದ್ದು, ಪದರ ಬಿಟ್ಟದ್ದು ದಬ್ ಅಂತ ಮಂಕಾಗಿ ಕೇಳುತ್ತದೆ. ಹಾಗೆ ಕೇಳಿದ ಕಡೆ ಗೋಣಿಚೀಲ ಹೊಲಿಯುವ ದಬ್ಬಳದಿಂದ ಚುಚ್ಚಿ. ಒಳ್ಳೇ ಮರದಲ್ಲಿ ತುದಿ ಅಷ್ಟೇ ನಾಟುತ್ತದೆ, ಕೊಳೆತದ್ದರಲ್ಲಿ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಚುಚ್ಚಿದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ.

ಜಾಸ್ತಿ ಹಾಳಾಗುವ ಜಾಗಗಳು ಇವೇ: ಹಿಂಬದಿಯ ನೇರ ಹಲಗೆಯ ಕೆಳಗಿನ ಎರಡು ಮೂಲೆ, ಹಾಯಿಕಂಬದ ಬುಡ ಕೂರುವ ಜಾಗ, ಮೇಲಂಚಿನ ಪಟ್ಟಿಯ ಕೆಳಗೆ, ಎಲ್ಲಕ್ಕಿಂತ ಮುಖ್ಯವಾಗಿ ನಡುವೆ ನೀರಿಗೆ ಇಳಿಬಿಡುವ ಹಲಗೆಯ, ಅಂದರೆ ಸೆಂಟರ್‌ಬೋರ್ಡಿನ ಪೆಟ್ಟಿಗೆ. ಆ ಪೆಟ್ಟಿಗೆ ದೋಣಿಯ ತಳಕ್ಕೆ ಸೇರುವ ಗೆರೆಯನ್ನು ಟಾರ್ಚ್ ಹಿಡಿದು ನೋಡಿ. ನಮ್ಮ ಕಡೆ ಗೆದ್ದಲು ಬೇರೆ, ನೆಲಕ್ಕೆ ತಾಗಿದ ಕಡೆ ಮಣ್ಣಿನ ಗೆರೆ ಇದೆಯಾ ಪರೀಕ್ಷಿಸಿ.

ಸಮುದ್ರದಲ್ಲಿ ಓಡಾಡಿದ ದೋಣಿಗಿಂತ ಕೆರೆ ದೋಣಿ ಬೇಗ ಕೊಳೆಯುತ್ತದೆ. ಮರ ತಿನ್ನುವ ಬೂಷ್ಟಿಗೆ ಉಪ್ಪು ಆಗುವುದಿಲ್ಲ, ಸಿಹಿ ನೀರು ಅಂದರೆ ಪ್ರೀತಿ. ಅದರಲ್ಲೂ ನಿಂತ ಮಳೆನೀರು. ಮರದಲ್ಲಿ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಹಾಗಾಗಿ ಒಣಗಿಸುವುದೇ ಮೊದಲ ಔಷಧ. ಬಿಸಿಲಿಗೆ ಇಡಬೇಡಿ, ಪ್ಲೈ ಪದರ ಬಿಡುತ್ತದೆ. ನೆರಳಲ್ಲಿ, ಗಾಳಿ ಆಡುವ ಕಡೆ, ನೆಲದಿಂದ ಎರಡಡಿ ಮೇಲೆ ಇಡಿ, ಮುಚ್ಚಳ ಇರುವ ಗೂಡುಗಳ ಮುಚ್ಚಳ ಎಲ್ಲ ತೆಗೆದಿಡಿ.

ಒಣಗಿತೋ ಇಲ್ಲವೋ ತಿಳಿಯುವುದಕ್ಕೆ ತೂಕ ಮಾಡಿ. ಕೊಬ್ಬರಿ ಚೀಲ ತೂಗುವ ನೇತುಹಾಕುವ ತಕ್ಕಡಿ ನಿಮ್ಮಲ್ಲಿ ಇದ್ದೇ ಇರುತ್ತದೆ ಅಲ್ವಾ? ಮೂತಿಯನ್ನು ಒಂದು ದಿಮ್ಮಿ ಮೇಲೆ ಇಟ್ಟು ಹಿಂಬದಿ ತೂಗಿ, ಆಮೇಲೆ ಹಿಂಬದಿಯನ್ನು ದಿಮ್ಮಿ ಮೇಲಿಟ್ಟು ಮೂತಿ ತೂಗಿ. ಎರಡನ್ನೂ ಕೂಡಿದರೆ ಒಟ್ಟು ತೂಕ. ಆಧಾರ ಕೊಡುವ ಜಾಗ ಮತ್ತು ಹಗ್ಗ ಕಟ್ಟುವ ಜಾಗ ಎರಡೂ ಸಲ ಒಂದೇ ಇರಲಿ. ಹೊಸ ಎಂಟರ್‌ಪ್ರೈಸ್ ಖಾಲಿ ದೋಣಿ ಸುಮಾರು 90ರಿಂದ 95 ಕೆಜಿ. ಪ್ರತಿ ಭಾನುವಾರ ತೂಗಿ ಗೋಡೆ ಮೇಲೆ ಬರೆಯಿರಿ. ಎರಡು ವಾರ ತೂಕ ಇಳಿಯದೆ ನಿಂತಾಗ ಮುಂದಿನ ಕೆಲಸ.

ಶಿರಾಗೇಟ್_ಬಣ್ಣದಂಗಡಿ

ನಾನು ಕಾರಿಗೆ ಪೇಂಟ್ ಮಾಡುವವನು, ದೋಣಿ ಮಾಡಿಲ್ಲ. ಆದರೆ ಮೇಲ್ಮೈ ಮೇಲ್ಮೈಯೇ, ಗೊತ್ತಿರುವುದನ್ನು ಹೇಳುತ್ತೇನೆ.

ಹಳೇ ಪೇಂಟನ್ನು ಒಣ ಎಮರಿಯಲ್ಲಿ ಉಜ್ಜಬೇಡಿ ಅಣ್ಣ. ಇದು ದೊಡ್ಡ ಮಾತು. ಆ ಕಾಲದ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್ 1ರಿಂದ. ನಿಮ್ಮದು ಅದಕ್ಕಿಂತ ಎಷ್ಟೋ ಹಿಂದಿನದು. ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು, ತೋಟದ ಮಣ್ಣಿಗೆ ಬಿದ್ದರೆ ಅಲ್ಲೇ ಉಳಿಯುತ್ತದೆ. ಕೆಳಗೆ ಹಳೇ ಫ್ಲೆಕ್ಸ್ ಹಾಸಿ. ಎದ್ದಿರುವ ಪೇಂಟನ್ನು ಮೊದಲು ಪಟ್ಟಿ ಬ್ಲೇಡಿನಲ್ಲಿ ಹೆರೆದು ತೆಗೆಯಿರಿ. ಗ್ಯಾಸ್ ಬೆಂಕಿ ತೋರಿಸಿ ಸುಡಲೇಬೇಡಿ, ಸೀಸ ಹೊಗೆಯಾಗುತ್ತದೆ. ಉಳಿದದ್ದಕ್ಕೆ ವಾಟರ್ ಪೇಪರ್, 80 ನಂಬರಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ತಕ್ಷಣ ಬಟ್ಟೆಯಲ್ಲಿ ಒರೆಸಿ. ಒಣಗಿಸಬೇಕಾದ ಮರ, ಬಕೆಟ್ಟುಗಟ್ಟಲೆ ನೀರು ಸುರಿಯಬೇಡಿ. ಬಟ್ಟೆ, ಪುಡಿ ಎಲ್ಲ ಫ್ಲೆಕ್ಸಲ್ಲೇ ಸುತ್ತಿ ಕಟ್ಟಿ. ಮಾಸ್ಕ್ ಒಳ್ಳೇದು ಹಾಕಿ, ಕರ್ಚೀಫ್ ಸಾಲದು.

ಪುಟ್ಟಿ ವಿಷಯ. ಗೋಡೆಗೆ ಹಾಕುವ ಲಪ್ಪ ಇದಕ್ಕೆ ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ. ನಾವು ಕಾರಿಗೆ ಹಾಕುವ ಪೇಸ್ಟೂ ನೀರಿನ ಕೆಳಗೆ ನಂಬುವ ಹಾಗಿಲ್ಲ. ಅದನ್ನು ದೋಣಿ ಬಲ್ಲವರು ಹೇಳಲಿ.

ಬಣ್ಣಕ್ಕೆ ಎನಾಮಲ್ ಕೆಟ್ಟದ್ದೇನಲ್ಲ. ದೋಣಿ ನೀರಲ್ಲೇ ಬಿಡುವುದಿಲ್ಲ, ಸಂಜೆ ಮೇಲೆ ಎತ್ತಿಡುತ್ತೀರಿ, ಅಷ್ಟಕ್ಕೆ ನಡೆಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಪಿಯು (ಪಾಲಿಯುರೆಥೇನ್) ಪೇಂಟ್ ಜಾಸ್ತಿ ಬಾಳುತ್ತದೆ, ಹೊಳಪು ಕೂಡ ಬೇರೆಯೇ. ಆದರೆ ಅದನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇದೆ, ಸ್ಪ್ರೇ ಮಂಜು ಒಳಗೆ ಹೋದರೆ ಉಬ್ಬಸ ಹತ್ತಿಕೊಳ್ಳುತ್ತದೆ, ಒಂದು ಸಲ ಹತ್ತಿದರೆ ಬಿಡುವುದಿಲ್ಲ. ನನ್ನ ಜೊತೆ ಕೆಲಸ ಕಲಿತ ಹುಡುಗನೊಬ್ಬ ಇದೇ ಕಾರಣಕ್ಕೆ ಈ ಕೆಲಸವನ್ನೇ ಬಿಟ್ಟ. ಬಯಲಿನಲ್ಲಿ ರೋಲರ್ ಹಿಡಿದು ಹಚ್ಚಿ.

ಇಬ್ಬರು ಬೇಕು. ಒಬ್ಬರು ಸಣ್ಣ ಸ್ಪಂಜ್ ರೋಲರಿನಲ್ಲಿ ತೆಳ್ಳಗೆ ಹಚ್ಚುತ್ತಾ ಹೋಗಬೇಕು, ಹಿಂದೆಯೇ ಇನ್ನೊಬ್ಬರು ಮೆತ್ತನೆ ಬ್ರಷ್ಷಿನ ತುದಿಯನ್ನು ಮಾತ್ರ ಸೋಕಿಸಿ ಗುಳ್ಳೆ ಒಡೆಯುತ್ತಾ ಬರಬೇಕು. ಬ್ರಷ್ ಒತ್ತಬಾರದು, ಮಗುವಿನ ತಲೆ ಸವರಿದ ಹಾಗೆ. ಮತ್ತೆ ಹಿಂದಕ್ಕೆ ಹೋಗಿ ತಿದ್ದಲೂ ಬಾರದು. ಹೊತ್ತು ಏರುವ ಮುಂಚೆ ಮುಗಿಸಿ, ಶುರು ಮಾಡುವ ಅರ್ಧ ಗಂಟೆ ಮುಂಚೆ ಸುತ್ತ ನೆಲಕ್ಕೆಲ್ಲ ನೀರು ಹಾಕಿ, ಧೂಳು ಏಳುವುದಿಲ್ಲ. ನಮ್ಮ ತುಮಕೂರಿನ ಕೆಂಪು ಧೂಳು ಬಿಳಿ ಪೇಂಟಿಗೆ ಕೂತರೆ ಮತ್ತೆ ಉಜ್ಜುವುದೊಂದೇ ದಾರಿ. ರಾತ್ರಿ ಲೈಟ್ ಹಾಕಿಕೊಂಡು ಪೇಂಟ್ ಮಾಡಬೇಡಿ, ಹುಳ ಎಲ್ಲ ಬಂದು ಅಂಟಿಕೊಳ್ಳುತ್ತವೆ.

ತೋಟದಮನೆ_ಗುಬ್ಬಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ತಟ್ಟಿ ಚುಚ್ಚಿ ನೋಡಿದೆ. ಮೂತಿ, ತಳ, ಪಕ್ಕ ಗಟ್ಟಿ ಇವೆ. ಗೆದ್ದಲು ಇಲ್ಲ, ಚಿಕ್ಕಪ್ಪ ಕಲ್ಲು ಚಪ್ಪಡಿ ಮೇಲೆ ಇಟ್ಟಿದ್ದು ಉಳಿಸಿದೆ. ಹಿಂಬದಿ ಹಲಗೆಯ ಎಡ ಮೂಲೆಯಲ್ಲಿ ಅಂಗೈ ಅಗಲ ಕೊಳೆತಿದೆ, ದಬ್ಬಳ ಪೂರ್ತಿ ಒಳಗೆ ಹೋಯಿತು, ಈಚೆ ತೆಗೆದರೆ ತುದಿಯಲ್ಲಿ ಕಪ್ಪಗೆ ಒದ್ದೆ ಪುಡಿ. ಅಣಬೆ ವಾಸನೆ. ಸೆಂಟರ್‌ಬೋರ್ಡ್ ಪೆಟ್ಟಿಗೆಯ ಬುಡದಲ್ಲೂ ಒಂದು ಗೇಣು ಉದ್ದ ಮೆತ್ತಗಿದೆ. ತೂಕ 119 ಕೆಜಿ ಬಂತು! ಅಂದರೆ 20 ಕೆಜಿಗೂ ಜಾಸ್ತಿ ನೀರು ಮತ್ತು ಪೇಂಟೇ ಇರಬೇಕು.

ಈಗ ಫೈಬರ್‌ನವರು ದಿನಾ ಫೋನ್ ಮಾಡುತ್ತಿದ್ದಾರೆ. ಕೊಳೆತದ್ದರ ಮೇಲೇ ಫೈಬರ್ ಹೊದಿಸಿದರೆ ನೀರೇ ಹೋಗುವುದಿಲ್ಲ, ಒಳಗೆ ಹೇಗಿದ್ದರೇನು ಅನ್ನುತ್ತಾರೆ. ಇದು ಸರೀನಾ?

ಮಲ್ಪೆಯಿಂದ_ಬಂದವ

ದಯವಿಟ್ಟು ಒಪ್ಪಬೇಡಿ. ನಾನು ಕರಾವಳಿಯವನು, ಕೆಲಸಕ್ಕೆ ಅಂತ ತುಮಕೂರಿಗೆ ಬಂದು ಹದಿನಾಲ್ಕು ವರ್ಷ. ನಮ್ಮ ಮನೆಯಲ್ಲಿ ಮರದ ದೋಣಿ ಇತ್ತು, ಅಜ್ಜ ವರ್ಷಾ ವರ್ಷಾ ಗೇರುಸಿಪ್ಪೆ ಎಣ್ಣೆ ಹಚ್ಚುತ್ತಿದ್ದರು. (ನಿಮ್ಮದಕ್ಕೆ ಅದು ಬೇಡ, ಎಣ್ಣೆ ಕುಡಿದ ಮರಕ್ಕೆ ಆಮೇಲೆ ಅಂಟು ಹಿಡಿಯುವುದಿಲ್ಲ.) ಅಪ್ಪ ಆ ಕೆಲಸ ತಪ್ಪಿಸೋಣ ಅಂತ ನೀವು ಹೇಳಿದ ಹಾಗೇ ಒಬ್ಬರಿಂದ ಫೈಬರ್ ಹೊದಿಸಿದರು. ಮೊದಲನೇ ವರ್ಷ ಹೊಸ ದೋಣಿಯ ಹಾಗೇ ಇತ್ತು. ಎರಡನೇ ಮಳೆಗಾಲ ಮುಗಿದ ಮೇಲೆ ಒಂದು ಕಡೆ ಗುಳ್ಳೆ ಎದ್ದಿತು. ನಾನು ಅಲ್ಲಿ ಉಳಿ ಹಾಕಿ ಎತ್ತಿದೆ. ಬಾಳೆ ಪಟ್ಟೆ ಸುಲಿದ ಹಾಗೆ ಮೂರಡಿ ಉದ್ದ ಒಂದೇ ಹಾಳೆಯಾಗಿ ಬಂತು. ಒಳಗೆ ಮರ ಇರಲಿಲ್ಲ, ಒದ್ದೆ ಕಾಫಿಪುಡಿಯಂಥದ್ದು ಕೈಗೆ ಬಂತು. ಅಪ್ಪ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದು ಈಗಲೂ ಕಣ್ಣ ಮುಂದೆ ಇದೆ.

ಯಾಕೆ ಹಾಗಾಯಿತು ಅಂದರೆ, ಟ್ಯಾಂಕಿಗೆ, ಶೀಟಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು. ಅದು ಹಳೇ ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಮರ ಹಿಗ್ಗಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ನೀರು ಒಂದು ಸ್ಕ್ರೂ ತೂತಿನಿಂದ ಒಳಗೆ ಹೋದರೆ ಸಾಕು, ಹೊರಗೆ ಬರುವ ದಾರಿ ಇಲ್ಲ. ಒದ್ದೆ ಮರಕ್ಕೆ ಹೊದಿಕೆ ಹಾಕುವುದು ಕೊಳೆ ಹಾಕಿದ ಹಾಗೆ. ಇನ್ನೊಂದು, ಆ ರೆಸಿನ್‌ಗೆ ಗಟ್ಟಿಯಾಗಲು ಕೋಬಾಲ್ಟ್ ಅಂತ ಒಂದು, ಎಂಇಕೆಪಿ ಅಂತ ಒಂದು ಸಣ್ಣ ಬಾಟಲಿ ಕೊಡುತ್ತಾರೆ. ಎಂದಾದರೂ ಬಳಸಿದರೆ ಅವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಭಗ್ಗನೆ ಹತ್ತಿಕೊಳ್ಳುತ್ತದೆ. ಮೊದಲು ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ ಆಮೇಲೆ ಇನ್ನೊಂದು. ಇದನ್ನು ಎಲ್ಲರೂ ತಿಳಿದಿರಬೇಕು.

ನಿಮಗೆ ಬೇಕಾದದ್ದು ಎಪಾಕ್ಸಿ, ಎರಡು ಭಾಗ ಬೆರೆಸಿ ಹಚ್ಚುವ ಅಂಟು. ಅದು ಮರವನ್ನು ಬಿಡುವುದಿಲ್ಲ. ಬೆಲೆ ಜಾಸ್ತಿ, ಆದರೆ ನಿಮಗೆ ಬೇಕಿರುವುದು ಎರಡು ಜಾಗಕ್ಕೆ ಮತ್ತು ಮಡಿಕೆ ಗೆರೆಗಳಿಗೆ ಅಷ್ಟೇ, ಇಡೀ ದೋಣಿಗಲ್ಲ.

ಕೊಳೆತದ್ದನ್ನು ಪೂರ್ತಿ ಕೊಯ್ದು ತೆಗೆಯಿರಿ. ಕಪ್ಪು ಕಾಣುವಲ್ಲಿಗೆ ನಿಲ್ಲಿಸಬೇಡಿ, ಒಳ್ಳೇ ಮರ ಸಿಕ್ಕ ಮೇಲೂ ಎರಡು ಮೂರು ಇಂಚು ಮುಂದಕ್ಕೆ ಹೋಗಿ. ಹೊಸ ತುಂಡಿಗೆ ಐಎಸ್ 710 (ಭಾರತೀಯ ಮಾನಕದ ನಂಬರ್) ಅಂತ ಮುದ್ರೆ ಇರುವ, ನೀರು ತಡೆಯುವ ಮರೀನ್ ಪ್ಲೈ ತನ್ನಿ. ಐಎಸ್ 303 ಮನೆ ಕಬೋರ್ಡಿಗೆ, ಅದು ಬೇಡ. ಅನುಮಾನ ಇದ್ದರೆ ಒಂದು ಸಣ್ಣ ತುಂಡು ಕೊಯ್ದು ಪಾತ್ರೆಯಲ್ಲಿ ಕುದಿಸಿ ನೋಡಿ. 710ಕ್ಕೆ 72 ಗಂಟೆ ಕುದಿಸುವ ಪರೀಕ್ಷೆ ಇದೆ. ಮನೆಯಲ್ಲಿ ಅಷ್ಟು ಬೇಡ, ಅರ್ಧ ದಿನದಲ್ಲೇ ಖೋಟಾ ಮಾಲು ಪದರ ಪದರ ಬಿಚ್ಚಿಕೊಳ್ಳುತ್ತದೆ.

ಜೋಡಿಸುವ ಅಂಚನ್ನು ನೇರ ಕೊಯ್ಯಬೇಡಿ, ಇಳಿಜಾರು ಮಾಡಿ. ದಪ್ಪದ ಎಂಟರಷ್ಟು ಉದ್ದ ಇಳಿಜಾರು ಬೇಕು. 6 ಮಿಮೀ ಪ್ಲೈ ಆದರೆ 48 ಮಿಮೀ. ಹಳೇ ಹಲಗೆಗೂ ಹಾಗೇ, ಹೊಸ ತುಂಡಿಗೂ ಹಾಗೇ, ಒಂದರ ಮೇಲೊಂದು ಕೂರಬೇಕು. ಮರ ಹೆರೆಯುವ ಹತ್ತರಿ ಚೆನ್ನಾಗಿ ಮಸೆದಿದ್ದರೆ ಪ್ಲೈನ ಪದರಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ, ಆ ಪಟ್ಟೆಗಳೆಲ್ಲ ನೇರವಾಗಿ, ಒಂದೇ ಅಗಲ ಬಂದರೆ ನಿಮ್ಮ ಇಳಿಜಾರು ಸರಿ ಇದೆ ಅಂತ. ವಕ್ರ ಬಂದರೆ ಅಲ್ಲಿ ಹಳ್ಳ ಇದೆ. ಊರಿನ ಆಚಾರ್ರಿಗೆ ತೋರಿಸಿ, ಅವರ ಕೈಗೆ ಇದು ಸುಲಭ.

ಎಪಾಕ್ಸಿಯನ್ನು ತೂಕ ಮಾಡಿಯೇ ಬೆರೆಸಿ, ಕಣ್ಣಂದಾಜು ಬೇಡ. ಲ್ಯಾಪಾಕ್ಸ್ ಎಲ್-12 ತಂದರೆ 100 ಗ್ರಾಂಗೆ ಕೆ-6 ಹಾರ್ಡ್‌ನರ್ 10 ಗ್ರಾಂ. ಬೇರೆ ಕಂಪನಿಯದ್ದಾದರೆ ಡಬ್ಬದ ಮೇಲಿನ ಅಳತೆಯೇ ವೇದ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಅಂಟಂಟಾಗೇ ಉಳಿದುಬಿಡುತ್ತದೆ. ಕೈಗೆ ಗ್ಲೌಸ್ ಹಾಕಿ. ಲೋಟದಲ್ಲಿ ತುಂಬಾ ಹೊತ್ತು ಇಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬರುತ್ತದೆ, ಪ್ಲಾಸ್ಟಿಕ್ ಲೋಟ ಕರಗಿದ್ದನ್ನು ನೋಡಿದ್ದೇನೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲದ ತಟ್ಟೆಗೆ ಸುರಿದುಕೊಳ್ಳಿ.

ಎಪಾಕ್ಸಿ ಹಚ್ಚುವುದು ಸಂಜೆ ನಾಲ್ಕರ ಮೇಲೆ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಎಪಾಕ್ಸಿ ತುಂಬಾ ಗುಳ್ಳೆ. ಸಂಜೆ ಮರ ತಣ್ಣಗಾಗುವಾಗ ಅದೇ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಂದು ತುಂಬುವ ಪುಟ್ಟಿಯನ್ನು ದೋಣಿ ಬಲ್ಲವರು ಹೇಳಲಿ ಅಂತ ಬಣ್ಣದಂಗಡಿ ಅಣ್ಣ ಬಿಟ್ಟಿದ್ದರಲ್ಲ, ಸಾಮಿಲ್ಲಿನ ಹೊಟ್ಟನ್ನು ಮೈದಾ ಜರಡಿಯಲ್ಲಿ ಹಿಡಿದು ಎಪಾಕ್ಸಿಗೆ ಕಲಸಿ, ಹೋಳಿಗೆ ಕಣಕಕ್ಕಿಂತ ಸ್ವಲ್ಪ ಸಡಿಲ ಇರಲಿ. ಪೆಟ್ಟಿಗೆಯ ಬುಡದ ಮೂಲೆಗೆ ಅದನ್ನು ತುಂಬಿ ಚಮಚದ ಬೆನ್ನಿನಲ್ಲಿ ಎಳೆಯಿರಿ, ಮೇಲೆ ಎರಡಿಂಚಿನ ನೇಯ್ದ ಗ್ಲಾಸ್ ಪಟ್ಟಿ. ಚಾಪ್ಡ್ ಮ್ಯಾಟ್ (ತುಂಡು ಎಳೆಗಳನ್ನು ಅಂಟಿಸಿದ ಹಾಳೆ) ಬೇಡ, ಅದರ ಎಳೆ ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ.

ಗಟ್ಟಿಯಾದ ಮೇಲೆ ಮುಟ್ಟಿದರೆ ಮೇಣದ ಹಾಗೆ ಜಿಡ್ಡು ಇರಬಹುದು. ಬರೀ ನೀರು ಮತ್ತು ಪಾತ್ರೆ ಉಜ್ಜುವ ಹಸಿರು ನಾರಿನಲ್ಲಿ ತಿಕ್ಕಿ ತೊಳೆದು ಆಮೇಲೆ ಎಮರಿ. ತೊಳೆಯದೆ ಪೇಂಟ್ ಹಚ್ಚಿದರೆ ಎಲ್ಲ ಕೆಲಸ ದಂಡ. ಎಪಾಕ್ಸಿ ಮೇಲೆ ಎನಾಮಲ್ ಕೆಲವು ಸಲ ಒಣಗುವುದೇ ಇಲ್ಲ, ಹಾಗಾಗಿ ನಡುವೆ ಎಪಾಕ್ಸಿ ಪ್ರೈಮರ್ ಹಾಕಿ.

ಶಿರಾಗೇಟ್_ಬಣ್ಣದಂಗಡಿ

ಪ್ರೈಮರ್ ಮಾತು ನೂರಕ್ಕೆ ನೂರು. ಮೊದಲು ಅಂಗೈ ಅಗಲ ಒಂದು ಕಡೆ ಹಚ್ಚಿ ಎರಡು ದಿನ ಬಿಟ್ಟು ಉಗುರಲ್ಲಿ ಕೆರೆದು ನೋಡಿ.

ಅಮಾನಿಕೆರೆ_ಟೀಚರ್

ದೋಣಿ ರಿಪೇರಿ ನನಗೆ ಗೊತ್ತಿಲ್ಲ, ಆದರೆ ಮಕ್ಕಳಿಗೆ ಈಜು ಕಲಿಸುತ್ತೇನೆ, ಹಾಗಾಗಿ ಒಂದು ಕೇಳಬೇಕು. ಇದು ಮಗುಚಿದರೆ ತೇಲುತ್ತದಾ? ಮರ ತೇಲುತ್ತದೆ ನಿಜ, ಆದರೆ ನೀರು ತುಂಬಿದ ದೋಣಿ ನಿಮ್ಮಿಬ್ಬರನ್ನೂ ಹೊರುವಷ್ಟು ತೇಲಬೇಕು ಅಲ್ವಾ? ಹಾಯಿದೋಣಿ ಮಗುಚುವುದು ಮಾಮೂಲು ಅಂತ ಕೇಳಿದ್ದೇನೆ.

ಹಲಸೂರು_ಗಾಳಿ

ಒಳ್ಳೇ ಪ್ರಶ್ನೆ ಅಕ್ಕ, ನಾನೇ ಹೇಳಬೇಕಿತ್ತು. ಈ ದೋಣಿಗಳಲ್ಲಿ ಗಾಳಿ ತುಂಬಿದ ಚೀಲ ಕಟ್ಟಿರುತ್ತಾರೆ ಅಥವಾ ಮುಚ್ಚಿದ ಗೂಡು ಇರುತ್ತದೆ. ಇಷ್ಟು ವರ್ಷಕ್ಕೆ ಚೀಲ ಹರಿದಿರುತ್ತದೆ. 20 ಲೀಟರಿನ ಮುಚ್ಚಳ ಬಿಗಿಯುವ ಕ್ಯಾನ್ ಒಂದು ಸುಮಾರು 20 ಕೆಜಿಯನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತದೆ. ಮುಂದೆ ಎರಡು, ಹಿಂದೆ ಎಡಬಲಕ್ಕೆ ಎರಡೆರಡು, ಒಟ್ಟು ಆರು ಕ್ಯಾನ್ ಕಟ್ಟಿ. ಅಗಲದ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ, ಮಗುಚಿದಾಗ ಆ ಕ್ಯಾನ್‌ಗಳು ಜೋರಾಗಿ ಮೇಲಕ್ಕೆ ಎಳೆಯುತ್ತವೆ. ಮೊದಲ ದಿನ ಸೊಂಟದುದ್ದ ನೀರಿನಲ್ಲೇ ಬೇಕಂತಲೇ ಮಗುಚಿ, ನೀರು ತುಂಬಿಸಿ, ಒಳಗೆ ಕೂತು ನೋಡಿ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು.

ಬುಗುಡನಹಳ್ಳಿ ಕೆರೆಯ ಯೋಚನೆ ಬೇಡ, ಅದು ತುಮಕೂರು ಊರು ಕುಡಿಯುವ ನೀರು. ಮಾರ್ಕೋನಹಳ್ಳಿಗೆ ಹೋಗುವುದಾದರೆ ಡ್ಯಾಮಿನ ಕಚೇರಿಯಲ್ಲಿ ಅನುಮತಿ ಕೇಳಿಯೇ ಹೋಗಿ. ಅಲ್ಲಿ ಸೈಫನ್ ಇದೆ, ನೀರು ಮಟ್ಟ ಮುಟ್ಟಿದ ಕೂಡಲೇ ತಾನಾಗಿಯೇ ಹರಿಯಲು ಶುರುವಾಗುತ್ತದೆ, ಯಾರೂ ಗೇಟ್ ಎತ್ತುವುದಿಲ್ಲ. ಡ್ಯಾಮ್ ತುಂಬಿರುವಾಗ ಕಟ್ಟೆಯ ಹತ್ತಿರ ಸುಳಿಯಬೇಡಿ, ಕಟ್ಟೆ ಕೆಳಗೂ ಇಳಿಯಬೇಡಿ.

ಹಾಯಿ ಬಗ್ಗೆ ಒಂದು ಮಾತು. ತೊಟ್ಟಿಯಲ್ಲಿ ಸೋಪಿನ ನೀರು ಮಾಡಿ ನೆನೆಸಿ, ಬಡಿಯಬೇಡಿ, ಬ್ಲೀಚ್ ಹಾಕಬೇಡಿ. ಬಟ್ಟೆಗಿಂತ ಮೊದಲು ಹೊಲಿಗೆ ಹೋಗಿರುತ್ತದೆ, ಉಗುರಲ್ಲಿ ದಾರ ಎಳೆದು ನೋಡಿ. ಲಾರಿ ಟಾರ್ಪಾಲಿನ್ ಹೊಲಿಯುವವರ ಹತ್ತಿರ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಬಹುದು.

ತೋಟದಮನೆ_ಗುಬ್ಬಿ

ಎಂಟು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಫೈಬರ್‌ನವರಿಗೆ ಬೇಡ ಅಂತ ಹೇಳಿದೆ. ಗೋಡೆ ಮೇಲೆ ಬರೆದ ತೂಕ ಹೀಗಿದೆ: 119, 115, 111, 108, 106, 105, ಆಮೇಲೆ ಎರಡು ಭಾನುವಾರ 104ಕ್ಕೆ ನಿಂತಿದೆ. ಪೇಂಟ್ ಎಲ್ಲ ಹೆರೆದು ಆಯಿತು. ಆಚಾರ್ರು ಕೊಳೆತ ಮೂಲೆ ಕೊಯ್ದು ಇಳಿಜಾರು ಹತ್ತರಿ ಹೊಡೆದಿದ್ದಾರೆ, ಪಟ್ಟೆಗಳು ಗೆರೆ ಎಳೆದ ಹಾಗೆ ನೇರ ಬಂದಿವೆ. 710 ಪ್ಲೈ ತಂದು ಒಂದು ತುಂಡನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸಿದೆವು, ಬಿಚ್ಚಲಿಲ್ಲ. ಅಮ್ಮ ಆ ಪಾತ್ರೆಯನ್ನು ಅಡುಗೆಮನೆಗೆ ಮತ್ತೆ ಸೇರಿಸಿಲ್ಲ.

ಶನಿವಾರ ಸಂಜೆ ಹೊಸ ತುಂಡು ಅಂಟಿಸಬೇಕು. ನಾಲ್ಕಿಂಚಿನ ಸಿ-ಕ್ಲಾಂಪ್ ನಮ್ಮಲ್ಲಿ ಎರಡೇ ಇವೆ, ಆರಾದರೂ ಬೇಕು. ಹತ್ತಿರದಲ್ಲಿ ಯಾರ ಬಳಿಯಾದರೂ ಒಂದು ದಿನದ ಮಟ್ಟಿಗೆ ಸಿಗುತ್ತದಾ?

ಶಿರಾಗೇಟ್_ಬಣ್ಣದಂಗಡಿ

ನನ್ನ ಹತ್ತಿರ ಐದು ಇವೆ. ಶನಿವಾರ ಮೂರು ಗಂಟೆಗೆ ಅಂಗಡಿ ಮುಚ್ಚಿ ನಾನೇ ತರುತ್ತೇನೆ. ಕ್ಲಾಂಪ್ ಕೆಳಗೆ ಇಡುವುದಕ್ಕೆ ಪ್ಲಾಸ್ಟಿಕ್ ಹಾಳೆ ಕೊಯ್ದಿಟ್ಟಿರಿ, ಇಲ್ಲದಿದ್ದರೆ ಕ್ಲಾಂಪೂ ದೋಣಿಗೇ ಅಂಟಿಕೊಳ್ಳುತ್ತದೆ.

ಮಲ್ಪೆಯಿಂದ_ಬಂದವ

ಬಣ್ಣದಂಗಡಿ ಅಣ್ಣ, ಗುಬ್ಬಿಗೆ ಹೋಗುವಾಗ ನನ್ನನ್ನೂ ಬಸ್‌ಸ್ಟ್ಯಾಂಡ್ ಹತ್ತಿರ ಹತ್ತಿಸಿಕೊಳ್ಳಿ. ತೂಕದ ಸಣ್ಣ ಯಂತ್ರ ನಾನು ತರುತ್ತೇನೆ. ಕ್ಲಾಂಪನ್ನು ಜಾಸ್ತಿ ಬಿಗಿಯುವ ಹಾಗಿಲ್ಲ, ಅಂಟೆಲ್ಲ ಹಿಂಡಿ ಹೊರಗೆ ಬಂದುಬಿಡುತ್ತದೆ. ಎಷ್ಟು ಬಿಗಿಯಬೇಕು ಅನ್ನುವುದನ್ನು ಬರೆದು ಹೇಳುವುದಕ್ಕಿಂತ ಅಲ್ಲೇ ತೋರಿಸುತ್ತೇನೆ.